ಮರೆ ಎಲ್ಲಿ ಹೂಡಬೇಕು: ಚಳ್ಳಕೆರೆ ಬಯಲಿನ ಜಿಂಕೆ, ಗಾಳಿ ಮತ್ತು ಬೆಳಕು

ಜಿಂಕೆಯ ಚಿತ್ರ ತೆಗೆಯಲು ನೆಲದ ಮೇಲೆ ಮರೆ ಕಟ್ಟಿಕೊಂಡು ಕೂರುವವರು ಹಣವನ್ನು ಮರೆಯ ಬಟ್ಟೆಗೆ ಸುರಿಯುತ್ತಾರೆ, ಯೋಚನೆಯನ್ನೆಲ್ಲ ಲೆನ್ಸಿಗೆ ಕೊಡುತ್ತಾರೆ. ಆ ಮರೆಯನ್ನು ಹೊಲದ ಯಾವ ಮೂಲೆಯಲ್ಲಿ, ಯಾವ ದಿಕ್ಕಿಗೆ ಮುಖಮಾಡಿ ಹೂಡಬೇಕೆಂಬುದನ್ನು ಮಾತ್ರ ಅಲ್ಲಿಗೆ ಹೋದ ಮೇಲೆ ಕಣ್ಣಂದಾಜಿನಲ್ಲಿ ತೀರ್ಮಾನಿಸುತ್ತಾರೆ. ಈ ಕ್ರಮ ತಿರುವುಮುರುವಾಗಬೇಕೆಂಬುದು ನನ್ನ ಅಭಿಪ್ರಾಯ. ಚಳ್ಳಕೆರೆ ಸೀಮೆಯಂಥ ಬಯಲಿನಲ್ಲಿ ಜಾಗ ಸರಿಯಿದ್ದರೆ ಹಳೆಯ ಕಂಬಳಿಯೊಂದು ಸಾಕು. ಜಾಗ ಸರಿಯಿಲ್ಲದಿದ್ದರೆ ಎಂಥ ದುಬಾರಿ ಹೈಡ್ (ಅಂಗಡಿಯ ಸಿದ್ಧ ಮರೆ) ತಂದರೂ ಹಿಂಡು ಅರ್ಧ ಕಿಲೋಮೀಟರು ಆಚೆಯೇ ಮೇಯ್ದು ಹೊರಟುಹೋಗುತ್ತದೆ.

ಜಾಗದ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು ಅಮೆರಿಕದ ಬಿಲ್ಲುಬೇಟೆಗಾರರು. ಅಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಕಾನೂನಿನ ಅನುಮತಿಯಿದೆ. ಆದರೆ ಬಾಣಕ್ಕೆ ಬಂದೂಕಿನ ದೂರ ಇಲ್ಲವಾದ್ದರಿಂದ, ಪ್ರಾಣಿ ಇಪ್ಪತ್ತು ಗಜದ ಆಸುಪಾಸಿಗೆ, ಅಂದರೆ ಸುಮಾರು 18 ಮೀಟರಿನಷ್ಟು ಹತ್ತಿರಕ್ಕೆ ಬರುವವರೆಗೂ ಅವರು ನೆಲಕ್ಕೆ ಹೂಡಿದ ಗುಡಾರದೊಳಗೆ ಅಲುಗದೆ ಕೂರಬೇಕಾಗುತ್ತದೆ. ಗಾಳಿ ಜಿಂಕೆಯ ಕಡೆಯಿಂದ ತಮ್ಮ ಕಡೆಗೆ ಬೀಸುವಂತೆ ನೋಡಿಕೊಳ್ಳುವುದು, ಜಿಂಕೆಯ ಜಾಡಿನ ಮೇಲೆ ಕೂರದೆ ಪಕ್ಕಕ್ಕೆ ಸರಿದು ಕೂರುವುದು, ಬೇಟೆಗೆ ಕೆಲವು ವಾರ ಮೊದಲೇ ಗುಡಾರವನ್ನು ಹೂಡಿ ಪ್ರಾಣಿಗಳಿಗೆ ಅದನ್ನು ರೂಢಿ ಮಾಡಿಸುವುದು, ಸುತ್ತಲಿನ ಸೊಪ್ಪುಸದೆಯನ್ನೇ ಅದಕ್ಕೆ ಹೊದಿಸುವುದು ಅವರ ಪದ್ಧತಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಈ ವಿದ್ಯೆಗೆ ಕ್ಯಾಮೆರಾ ಒಂದೇ ದಾರಿ. ನಮ್ಮ ಬಯಲಿನ ಜಿಂಕೆಯಾದ ಕೃಷ್ಣಮೃಗವೂ ನಾಲ್ಕು ಕೊಂಬಿನ ಕೊಂಡುಕುರಿಯೂ ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿಗಳು. ಅವು ನಮ್ಮದೇ ಹೊಲಕ್ಕೆ ನುಗ್ಗಿದರೂ ಬೇಟೆ ಅಪರಾಧವೇ. ಉಪ್ಪು, ಬೆಲ್ಲ, ಹಿಂಡಿ ಇಟ್ಟು ಪ್ರಾಣಿಯನ್ನು ಕರೆಯುವ ಚಾಳಿಯೂ ಬೇಡ.

ನಮ್ಮ ಮಾವನವರ ಹೊಲ ಅಮೃತಮಹಲ್ ಕಾವಲಿನ, ಅಂದರೆ ಅಮೃತಮಹಲ್ ತಳಿಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲಿನ, ಅಂಚಿಗಿದೆ. ಮುಂಗಾರಿನಲ್ಲಿ ಶೇಂಗಾ, ಕರಿನೆಲದ ತುಂಡಿನಲ್ಲಿ ಹಿಂಗಾರಿಗೆ ಕಡಲೆ. ಎರಡಕ್ಕೂ ಜಿಂಕೆಗಳ ಪಾಲಿದೆ ಎಂಬುದನ್ನು ಅವರು ಬೇಸರದಿಂದಲೇ ಒಪ್ಪಿಕೊಂಡಿದ್ದಾರೆ. ನಾನು ಗೂಟ, ಹಗ್ಗ ಹಿಡಿದು ಹೋದಾಗ ಅವರು ಹೇಳಿದ್ದು ಒಂದೇ ಮಾತು: "ಅಳಿಯಾ, ಮೊದ್ಲು ಒಂದ್ ಹಿಡಿ ಮಣ್ಣು ತೂರಿ ನೋಡು, ಆಮೇಲೆ ಗೂಟ ಹೊಡಿ." ಕಣದಲ್ಲಿ ರಾಶಿ ತೂರಿದವರಿಗೆ ಗಾಳಿಯ ದಿಕ್ಕನ್ನು ಯಾರೂ ಕಲಿಸಬೇಕಾಗಿಲ್ಲ.

ಈ ಸೀಮೆಯ ಗಾಳಿಗೆ ಒಂದು ಕ್ರಮವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಮತ್ತು ನೈಋತ್ಯದ ಗಾಳಿ ಬಿಡದೆ ಬೀಸುತ್ತದೆ. ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಆ ತಿಂಗಳುಗಳಲ್ಲಿ ಜಿಂಕೆಯ ಜಾಡಿಗೆ ಈಶಾನ್ಯದಲ್ಲಿ ಮರೆ ಹೂಡಿ ನೈಋತ್ಯಕ್ಕೆ ಮುಖಮಾಡಿ ಕೂತರೆ ಗಾಳಿ ನಮ್ಮ ಮುಖಕ್ಕೆ ಬಡಿಯುತ್ತದೆ, ಬೆಳಗಿನ ಸೂರ್ಯ ಬೆನ್ನ ಹಿಂದೆ ಬರುತ್ತಾನೆ. ಗಾಳಿ ಮತ್ತು ಬೆಳಕು ಎರಡೂ ಒಪ್ಪುವ ಹೊತ್ತು ಮಳೆಗಾಲದ ಬೆಳಗು, ಮೋಡ ಬಿಟ್ಟುಕೊಟ್ಟರೆ. ದೀಪಾವಳಿ ಕಳೆದು ಮೂಡಣ ಗಾಳಿ ಶುರುವಾದ ಮೇಲೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆಗ ಜಾಡಿಗೆ ನೈಋತ್ಯದಲ್ಲಿ ಕೂತು ಈಶಾನ್ಯಕ್ಕೆ ನೋಡಬೇಕು. ಬೆಳಿಗ್ಗೆ ಹಾಗೆ ಕೂತರೆ ಬಿಸಿಲು ಓರೆಯಾಗಿ ಲೆನ್ಸಿನೊಳಕ್ಕೆ ಬೀಳುತ್ತದೆ, ಮರೆಯ ಕಿಂಡಿಯೊಳಗೂ ಬೀಳುತ್ತದೆ, ಒಳಗಿರುವ ನಮ್ಮ ಮುಖ ಹೊರಗಿನವರಿಗೆಲ್ಲ ಕಾಣುತ್ತದೆ. ಚಳಿಗಾಲದಲ್ಲಿ ಸೂರ್ಯ ನೈಋತ್ಯಕ್ಕೆ ವಾಲಿ ಮುಳುಗುವುದರಿಂದ ಆ ಮರೆಗೆ ಸಂಜೆಯೇ ಸರಿಯಾದ ಹೊತ್ತು. ಹೀಗಾಗಿ ನಮ್ಮ ಹೊಲದಲ್ಲಿ ಎರಡು ಜಾಗಗಳಿವೆ, ಮುಂಗಾರಿನ ಬೆಳಗಿಗೆ ಒಂದು, ಹಿಂಗಾರಿನ ಸಂಜೆಗೆ ಒಂದು. ವರ್ಷವಿಡೀ ಒಂದೇ ಜಾಗದಲ್ಲಿ ಮರೆ ನಿಲ್ಲಿಸಿ, ಜಿಂಕೆ ಬರುವುದಿಲ್ಲವೆಂದು ಗೊಣಗುವವರು ಈ ಒಂದು ಸಂಗತಿಯನ್ನು ಗಮನಿಸಿದರೂ ಸಾಕು.

ಕೃಷ್ಣಮೃಗಕ್ಕೆ ಮೂಗಿಗಿಂತ ಕಣ್ಣೇ ಹರಿತ, ಗಾಳಿಯ ಲೆಕ್ಕ ಅಷ್ಟು ಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಕು. ಗಾಳಿ ವಾಸನೆಯ ಜೊತೆಗೆ ಶಟರಿನ ಸದ್ದನ್ನೂ, ನಮ್ಮ ಕೆಮ್ಮನ್ನೂ ಹೊತ್ತೊಯ್ಯುತ್ತದೆ. ಆದರೂ ಕಣ್ಣಿನ ವಿಷಯ ದೊಡ್ಡದೆಂಬುದು ನಿಜ. ಕಾವಲು ಬೋಳು ಬಯಲು. ಅಲ್ಲಿ ಆಳೆತ್ತರದ ಗುಡಾರ ಎದ್ದು ನಿಂತರೆ ಊರಿನ ತೇರಿನಂತೆ ಎಲ್ಲ ಕಡೆಯಿಂದಲೂ ಕಾಣುತ್ತದೆ. ಕಾಡಿನ ಗಿಡಮರಗಳ ನಡುವೆ ಹೂಡಲೆಂದು ಮಾಡಿದ ಗುಡಾರವನ್ನು ಇಲ್ಲಿ ಹಾಗೆಯೇ ನಿಲ್ಲಿಸುವುದಕ್ಕೆ ಅರ್ಥವಿಲ್ಲ. ಹೊಲದ ಬದುವಿಗೆ ಒತ್ತಿ, ಹಿಂದೆ ಬಳ್ಳಾರಿ ಜಾಲಿಯ ಪೊದೆ ಇರುವಂತೆ, ಸೊಂಟದೆತ್ತರ ಮೀರದ ಹಾಗೆ ಮರೆಯನ್ನು ಕಟ್ಟಬೇಕು. ತಲೆಯ ಹಿಂದೆ ಬರಿಯ ಆಕಾಶ ಇರಬಾರದು. ಒಳಗೆ ಮಣೆ ಹಾಕಿಕೊಂಡು ಕೂತರೆ ಲೆನ್ಸು ಜಿಂಕೆಯ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಚಿತ್ರಕ್ಕೂ ಅದೇ ಚೆಂದ.

ಹೊದಿಕೆಗೆ ಹಸಿರು ಸೊಪ್ಪು ಬೇಡ. ತಂಗಡಿಯ ರೆಂಬೆ ಕಡಿದು ಸಿಕ್ಕಿಸಿದರೆ ಬಿಸಿಲಿಗೆ ಬೇಗನೆ ಬಾಡಿ, ಬಣ್ಣಗೆಟ್ಟು, ಸುತ್ತಲಿನ ಹಸಿರಿನ ನಡುವೆ ಬೇರೆಯಾಗಿ ಕಾಣತೊಡಗುತ್ತದೆ. ಜೋಳದ ಸಪ್ಪೆ ಮೊದಲೇ ಒಣಗಿದ್ದು, ಹೊಲದಲ್ಲಿ ಅದರ ಬಣವೆ ಜಿಂಕೆಗಳಿಗೆ ಹೊಸದೂ ಅಲ್ಲ. ಸಪ್ಪೆಯ ಸಿವುಡುಗಳನ್ನು ಓರೆಯಾಗಿ ಒರಗಿಸಿದರೆ ಚೌಕದ ಮೂಲೆಗಳು ಮುಚ್ಚಿಹೋಗುತ್ತವೆ. ಆದರೆ ಗಾಳಿಗೆ ಸಡಿಲ ಬಟ್ಟೆ ಪಟಪಟ ಎನ್ನದಂತೆ ನಾಲ್ಕೂ ಕಡೆ ಹಗ್ಗ ಬಿಗಿಯಬೇಕು, ಏಕೆಂದರೆ ಅಲುಗದ ಗುಡ್ಡೆಗೆ ಹೊಂದಿಕೊಳ್ಳುವ ಹಿಂಡು ಅಲುಗುವ ಒಂದು ಅಂಚಿಗೆ ಹೊಂದಿಕೊಳ್ಳುವುದಿಲ್ಲ. ಮರೆಯ ಒಳಗೆ ಮೂರು ಕಡೆಗೂ ಕುರಿಯುಣ್ಣೆಯ ಕರಿ ಕಂಬಳಿ ಇಳಿಬಿಟ್ಟಿದ್ದೇನೆ. ಅಮೆರಿಕದವರು ಗುಡಾರದ ಒಳಮೈಗೆ ಕಪ್ಪು ಬಳಿದು, ತಾವೂ ಕಪ್ಪು ಅಂಗಿ ತೊಟ್ಟು, ಹಿಂಬದಿಯ ಕಿಟಕಿಗಳನ್ನೆಲ್ಲ ಮುಚ್ಚುವುದು ಇದೇ ಕಾರಣಕ್ಕೆ: ಹಿಂದಿನಿಂದ ಬೆಳಕು ನುಸುಳಿದರೆ ಒಳಗಿನ ಆಕೃತಿ ನೆರಳಾಗಿ ಅಲುಗುವುದು ಎದುರಿಗೆ ಕಾಣುತ್ತದೆ. ಕಂಬಳಿ ಬೆಳಕಿನ ಜೊತೆ ಶಟರಿನ ಸದ್ದನ್ನೂ ಒಂದಿಷ್ಟು ನುಂಗುತ್ತದೆ. ಅಂಗಿಯ ಬಗ್ಗೆ ಒಂದು ಮಾತು: ಬಿಳಿಬಾಲದ ಜಿಂಕೆಗೆ ಕೆಂಪು, ಕಿತ್ತಳೆ ಬಣ್ಣಗಳು ಬೇರೆಯಾಗಿ ತೋರುವುದಿಲ್ಲ, ನೀಲಿ ಮಾತ್ರ ಚೆನ್ನಾಗಿ ತೋರುತ್ತದೆ. ನಮ್ಮ ಜಿಂಕೆಯ ವಿಷಯದಲ್ಲೂ ಅದನ್ನೇ ನಂಬಿ ನಡೆಯುವುದರಿಂದ ನಷ್ಟವೇನಿಲ್ಲ. ನೀಲಿ ಟಾರ್ಪಾಲು ಮತ್ತು ಜೀನ್ಸ್ ಮನೆಯಲ್ಲಿರಲಿ.

ದೂರದ ವಿಷಯದಲ್ಲಿ ನಾವು ಬಿಲ್ಲಿನವರಿಗಿಂತ ಅದೃಷ್ಟವಂತರು. 400 ಮಿಲಿಮೀಟರಿನ ಲೆನ್ಸಿಗೆ ಜಾಡು 40 ಮೀಟರ್ ಆಚೆಗಿದ್ದರೂ ನಡೆಯುತ್ತದೆ. ಜಾಡಿಗೆ ಎದುರಾಗಿ ಕೂತರೆ ನಡೆದು ಬರುವ ಪ್ರತಿಯೊಂದು ಜಿಂಕೆಯೂ ಮರೆಯನ್ನೇ ದಿಟ್ಟಿಸುತ್ತ ಬರುತ್ತದೆ. ಪಕ್ಕಕ್ಕೆ ಕೂತರೆ ಅದು ತನ್ನ ದಾರಿಯನ್ನು ನೋಡಿಕೊಂಡು ಅಡ್ಡ ಹಾಯುತ್ತದೆ. ಮೇಯುತ್ತಿದ್ದ ಹೆಣ್ಣು ಬಾಯೊಳಗಿನ ಹುಲ್ಲನ್ನು ಅಗಿಯುವುದು ನಿಲ್ಲಿಸಿ, ಎರಡೂ ಕಿವಿಗಳನ್ನು ನಮ್ಮತ್ತ ತಿರುಗಿಸಿತೆಂದರೆ ಬೆರಳನ್ನು ಶಟರಿನಿಂದ ತೆಗೆಯಬೇಕು. ಹುಲ್ಲಿನ ಎಸಳು ತುಟಿಯಂಚಿನಲ್ಲಿ ಹಾಗೆಯೇ ನೇತಾಡುತ್ತಿರುತ್ತದೆ. ಅಗಿಯುವುದು ಮತ್ತೆ ಶುರುವಾದರೆ ಅನುಮಾನ ತೀರಿತು, ಅದರ ಬದಲು ಒಂದು ನೇರ ನೆಗೆತ ಬಂದರೆ ಹಿಂದೆಯೇ ಇಡೀ ಹಿಂಡು ನೆಗೆದು ಓಡುತ್ತದೆ. ಒಳಹೋಗುವ ದಾರಿಯೂ ಮರೆಯ ಜಾಗದ ಭಾಗವೇ. ನಸುಕಿಗೆ ಮೊದಲು, ಜಾಡನ್ನು ದಾಟದೆ, ಬದುವಿನ ಹಿಂಬದಿಯಿಂದ ಮರೆಯನ್ನು ಸೇರುವಂತಿರಬೇಕು. ಹಿಂಡು ಎದುರಿಗೇ ಇರುವಾಗ ಎದ್ದು ಹೊರಬಂದರೆ ಅಷ್ಟು ವಾರಗಳ ರೂಢಿ ಅಲ್ಲಿಗೇ ಮುಗಿಯಿತು.

ಇಷ್ಟೂ ಬಯಲಿನ ಮಾತು. ಗುಡ್ಡಗಾಡಿನಲ್ಲಿ ಇದೇ ಲೆಕ್ಕ ನಡೆಯುವುದಿಲ್ಲ. ಬಿಸಿಲೇರಿದಂತೆ ಗಾಳಿ ಇಳಿಜಾರಿನ ಮೇಲಕ್ಕೆ ಹತ್ತುತ್ತದೆ, ಸಂಜೆ ತಣಿದು ಕೆಳಕ್ಕೆ ಜಾರುತ್ತದೆ, ಕಣಿವೆಯಲ್ಲಿ ಸುತ್ತಿ ಬರುತ್ತದೆ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗೆಂದೇ 2011ರಲ್ಲಿ ಘೋಷಣೆಯಾದ ಅಭಯಾರಣ್ಯ. ಕೊಂಡುಕುರಿ ಒಂಟಿಯಾಗಿಯೋ ಜೋಡಿಯಾಗಿಯೋ ಪೊದೆಗಳ ನಡುವೆ ಇರುತ್ತದೆ, ಒಂದೇ ಕಡೆ ಮತ್ತೆಮತ್ತೆ ಹಿಕ್ಕೆ ಹಾಕುತ್ತದೆ, ನೀರಿಗೆ ತಪ್ಪದೆ ಬರುತ್ತದೆ. ಅದರ ಜಾಗ ಹುಡುಕುವುದು ಸುಲಭವೆಂದು ಇದರಿಂದ ತೋರಬಹುದು, ಆದರೆ ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕರೂ ಬೇಸಿಗೆಯಲ್ಲಿ ಉಳಿದಿರುವ ಒಂದೇ ನೀರಿನ ಗುಂಡಿಯ ದಡದಲ್ಲಿ ಮರೆ ಹೂಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಇರವು ತಿಳಿದ ಪ್ರಾಣಿ ಆ ದಿನ ಬಾಯಾರಿ ಹಿಂತಿರುಗುತ್ತದೆ. ಇನ್ನೊಂದು ಕಾರಣ ಕರಡಿ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿಯ ಸುತ್ತಲಿನ ಕಲ್ಲುಗುಡ್ಡಗಳಲ್ಲಿ ಮುಸ್ಸಂಜೆಗೆ ಕರಡಿ ಇಳಿಯುತ್ತದೆ. ಗಾಳಿಗೆ ಎದುರಾಗಿ, ಸದ್ದಿಲ್ಲದೆ, ನೆಲಮಟ್ಟದಲ್ಲಿ ಕೂತ ಮನುಷ್ಯನ ಸುಳಿವು ಜಿಂಕೆಗೆ ಸಿಗದ ಹಾಗೆಯೇ ಕರಡಿಗೂ ಸಿಗುವುದಿಲ್ಲ, ಮರೆಯ ಪಕ್ಕಕ್ಕೆ ಬಂದಮೇಲೆಯೇ ಅದಕ್ಕೆ ತಿಳಿಯುತ್ತದೆ. ಆದ್ದರಿಂದ ಗುಡ್ಡದ ಬುಡದಲ್ಲಿ ನಾನು ನೆಲದ ಮರೆ ಹೂಡುವುದಿಲ್ಲ. ಬಯಲಿನಲ್ಲಿ ಭಯ ಹಾವು ಚೇಳುಗಳದು. ಒಳಗೆ ಕೂರುವ ಮುನ್ನ ಟಾರ್ಚು ಹಿಡಿದು ಸಪ್ಪೆಯನ್ನೂ ಕಂಬಳಿಯ ಮಡಿಕೆಗಳನ್ನೂ ಕೋಲಿನಿಂದ ತಟ್ಟಿ ನೋಡಬೇಕು.

ಮರೆ ಹೂಡಿದ ದಿನವೇ ಆ ಭಾಗದ ಅರಣ್ಯ ರಕ್ಷಕರಿಗೂ, ಅಕ್ಕಪಕ್ಕದ ಹೊಲದವರಿಗೂ, ಕುರಿ ಮೇಯಿಸಲು ಬರುವವರಿಗೂ ವಿಷಯ ತಿಳಿಸಿಬಿಡಬೇಕು. ನಸುಕಿನಲ್ಲಿ ಜಿಂಕೆಯ ಜಾಡಿನ ಪಕ್ಕ ಕಂಬಳಿ ಹೊದ್ದು ಅಡಗಿ ಕೂತವನನ್ನು ಕಳ್ಳಬೇಟೆಯವನೆಂದು ಯಾರಾದರೂ ತಿಳಿದರೆ ತಪ್ಪು ಅವರದಲ್ಲ, ಮತ್ತು ಕುರಿಗಾಹಿಗಳ ನಾಯಿಗಳಿಗೆ ಅರಣ್ಯ ಇಲಾಖೆಯ ಪತ್ರ ತೋರಿಸಿ ಪ್ರಯೋಜನವಿಲ್ಲ.