ಒಳಗೋ, ಹೊರಗೋ?

"ಉಸಿರು ಒಳಗೆ ಎಳ್ಕೊಳ್ಳೋವಾಗ ಕಷ್ಟಾನೋ, ಹೊರಗೆ ಬಿಡೋವಾಗ್ಲೋ?"

ಡಾಕ್ಟರು ಬರೆಯುತ್ತಲೇ ಕೇಳಿದ್ದು, ತಲೆ ಕೂಡ ಎತ್ತಲಿಲ್ಲ. ಅಕ್ಕನ ಮಗಳು ಕುತ್ತಿಗೆ ಮುಟ್ಟಿಕೊಂಡು, "ಒಳಗೆ. ಇಲ್ಲಿ ಯಾರೋ ಹಿಡ್ಕೊಂಡಂಗೆ" ಅಂದಳು. ಡಾಕ್ಟರ ಪೆನ್ನು ಆಗ ನಿಂತಿತು. ಈ ವಾರವೆಲ್ಲ ನನ್ನ ತಲೆಯಲ್ಲಿ ಅದೇ ಪ್ರಶ್ನೆ. ಇಷ್ಟು ಸಣ್ಣದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲವಲ್ಲ!

ಕಾಲೇಜಿನ ಪರವಾಗಿ 800 ಮೀಟರ್ ಓಟದಲ್ಲಿ ಓಡುವವಳು. ಎರಡನೇ ಸುತ್ತಿನ ಕೊನೆಗೆ ಗಂಟಲಿಂದ ಕೀಂಯ್ ಅನ್ನುವ ಸದ್ದು, ಕಣ್ಣಲ್ಲಿ ಗಾಬರಿ. ಓಟ ನಿಲ್ಲಿಸಿದ ಐದು ನಿಮಿಷಕ್ಕೆ ಏನೂ ಆಗದವಳ ಹಾಗೆ ನೀರು ಕುಡಿಯುತ್ತಾಳೆ. ಬೇಗ ಸರಿಹೋಗುವುದೇ ಅವಳಿಗೆ ಮುಳುವಾಯಿತು. ಕೋಚ್ "ನಾಟಕ" ಅಂದರು. ಕೆಟ್ಟವರಲ್ಲ, ಕೈಯಿಂದ ದುಡ್ಡು ಹಾಕಿ ಸ್ಪೈಕ್ಸ್ ಕೊಡಿಸಿದವರು. ಸ್ಟಾಪ್‌ವಾಚ್ ಬಿಟ್ಟು ಬೇರೇನೂ ನಂಬುವುದಿಲ್ಲ ಅಷ್ಟೇ. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಇನ್‌ಹೇಲರ್ ಬರೆದರು. ಕೆಲಸ ಮಾಡಲಿಲ್ಲ ಅಂದರೆ, "ಸರಿಯಾಗಿ ಎಳ್ಕೊಳ್ತಿಲ್ಲ" ಅಂತ ಅದೂ ಅವಳ ತಲೆಗೇ.

ಈ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು. ಓಡುವಾಗ ಬಾಯಿಂದ ಎಳೆದ ಒಣಗಾಳಿಗೆ ಶ್ವಾಸಕೋಶದ ಸಣ್ಣ ನಾಳಗಳು ಬಿಗಿದರೆ ಅದು ಆಸ್ತಮಾದ ದಾರಿ. ಸಾಮಾನ್ಯವಾಗಿ ಓಟ ಮುಗಿದ ಮೇಲೆ ಹೆಚ್ಚಾಗುತ್ತದೆ, ಅರ್ಧ ಗಂಟೆಯಾದರೂ ಕಾಡಬಹುದು, ಉಸಿರು ಬಿಡುವಾಗ ಸುಂಯ್‌ಗುಡುತ್ತದೆ. ಇವಳದ್ದು ಅದಕ್ಕಿಂತ ಮೇಲೆ, ಧ್ವನಿಪೆಟ್ಟಿಗೆಯಲ್ಲಿ ಇರುವಂತಿದೆ. ಜೋರು ಓಟದಲ್ಲಿ ಅಗಲವಾಗಬೇಕಾದ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಕೆಳಗಿನ ನಾಳ ಸಡಿಲಿಸುವ ಇನ್‌ಹೇಲರ್ ಅಲ್ಲಿ ಏನು ಮಾಡೀತು? ಖಚಿತವಾಗಲು ಮೂಗಿನಲ್ಲಿ ಸಪೂರ ಕ್ಯಾಮೆರಾ ಇಳಿಸಿಕೊಂಡೇ ಟ್ರೆಡ್‌ಮಿಲ್ ಮೇಲೆ ಓಡಬೇಕಂತೆ. ಎರಡೂ ತೊಂದರೆ ಒಬ್ಬರಿಗೇ ಇರಬಹುದು ಅಂತ ಸ್ಪೈರೋಮೆಟ್ರಿ, ಅಂದರೆ ಕೊಳವೆಯಲ್ಲಿ ಊದಿಸಿ ಉಸಿರು ಅಳೆಯುವ ಪರೀಕ್ಷೆ, ಜೊತೆಗೆ ರಕ್ತಪರೀಕ್ಷೆ. ಓಡುವಾಗ ಎದೆನೋವು ಬಂದಿತ್ತಾ, ತಲೆಸುತ್ತಿ ಬಿದ್ದಿದ್ದಳಾ ಅಂತ ಎರಡೆರಡು ಸಲ ಕೇಳಿದರು. ಹಾಗಿದ್ದರೆ ಮೊದಲು ಹೃದಯ ನೋಡಬೇಕಂತೆ.

ಅರವತ್ತು ದಾಟಿದವರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ನಮ್ಮಲ್ಲಿ ಮನೆಮಂದಿಯೆಲ್ಲ ಇಸಿಜಿಗೆ ಓಡುತ್ತಾರೆ. ಹತ್ತೊಂಬತ್ತರ ಹುಡುಗಿಗಾದರೆ ಉಪದೇಶ: ರಾಗಿ ಗಂಜಿ ಕುಡಿ, ಬೇಗ ಮಲಗು, ಮೊಬೈಲ್ ಬಿಡು. ಹರೆಯದವರ ಮೈಗೆ ಕಾಯಿಲೆ ಬರುವುದಿಲ್ಲ, ಸೋಮಾರಿತನ ಮಾತ್ರ ಬರುತ್ತದೆ ಅನ್ನುವ ಲೆಕ್ಕ. ಹುಡುಗಿಯಾದರೆ ಇನ್ನೊಂದು ಸೇರುತ್ತದೆ, "ಟೆನ್ಶನ್ ಇರ್ಬೇಕು." ಉಸಿರು ಸಿಗದವರಿಗೆ ಟೆನ್ಶನ್ ಆಗದೆ ಇನ್ನೇನಾಗುತ್ತೆ ಸ್ವಾಮಿ?

ಮುಂದಿನ ವಾರದಿಂದ, ಗಂಟಲಿನ ಆ ಬಾಗಿಲು ಮುಚ್ಚಿಕೊಳ್ಳದ ಹಾಗೆ, ಸ್ಪೀಚ್ ಥೆರಪಿಸ್ಟ್ ಹತ್ತಿರ ಉಸಿರಾಟದ ಪಾಠ. "ಇವಳು ಮಾತಾಡೋದು ಸಾಲದಾ?" ಅಂತ ಅಜ್ಜಿ. ಕೋಚ್‌ಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದರು: "ಸರಿ, ಇಂಟರ್‌ಕಾಲೇಜಿಗೆ ಓಡ್ತಾಳೆ ತಾನೇ?"