ತಲಪಾಡಿಯ ಹುಡುಗ ಷೆಂಗೆನ್‌ಗೆ ಹೋದದ್ದು

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ, ಕರ್ನಾಟಕದ ಗಡಿಯಾದ ತಲಪಾಡಿಯ ಹತ್ತಿರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳಂ. ಹೀಗೆ ಬೆಳೆದವನಿಗೆ ಮೂರು ಭಾಷೆಯಲ್ಲಿ ಎಂಎ ಮಾಡುವುದೇನು ಮಹಾ ಅಂದುಕೊಂಡು ಜರ್ಮನಿಗೆ ಬಂದೆ. ಕೋರ್ಸಿನ ಹೆಸರು ಬಾರ್ಡರ್ ಸ್ಟಡೀಸ್, ಅಂದರೆ ಗಡಿಗಳ ಅಧ್ಯಯನ. 2017ರಲ್ಲಿ ಶುರುವಾದದ್ದು. ಜರ್ಮನಿಯ ಸಾರ್‌ಬ್ರೂಕೆನ್ ಮತ್ತು ಕೈಸರ್ಸ್‌ಲೌಟರ್ನ್, ಫ್ರಾನ್ಸಿನ ಲೊರೇನ್, ಜೊತೆಗೆ ಲಕ್ಸೆಂಬರ್ಗ್, ಹೀಗೆ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತವೆ. ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ಪಾಠ. ಜರ್ಮನ್ ಹೇಗೋ ನಡೆಯಿತು. ಫ್ರೆಂಚ್ ಕ್ಲಾಸಿನಲ್ಲಿ ಮಾತ್ರ ಎಲ್ಲರೂ ನಕ್ಕ ಮೇಲೆ ನಾನು ನಗುತ್ತಿದ್ದೆ.

ಓದಿದ್ದನ್ನು ಒಮ್ಮೆ ನಡೆದೂ ನೋಡೋಣ ಅಂತ ಮೇ ತಿಂಗಳಲ್ಲಿ ನಾವು ನಾಲ್ವರು ಎರಡು ದಿನ ತಿರುಗಾಟಕ್ಕೆ ಹೊರಟೆವು.

ಸಾರ್‌ಬ್ರೂಕೆನ್‌ನಲ್ಲಿ ಟ್ರಾಮ್ ಹತ್ತಿದೆವು. ಪೇಟೆಯೊಳಗೆ ರಸ್ತೆ ಮೇಲೆ ಓಡುವ ಇದು, ಆಮೇಲೆ ರೈಲಿನ ಹಳಿ ಸೇರಿಕೊಂಡು ಫ್ರಾನ್ಸಿನ ಸಾರ್‌ಗೆಮಿನ್‌ವರೆಗೂ ಹೋಗುತ್ತದೆ. ನಾವು ಗಡಿಗೆ ಮುಂಚೆ ಕ್ಲೈನ್‌ಬ್ಲಿಟರ್ಸ್‌ಡೋರ್ಫ್‌ನಲ್ಲಿ ಇಳಿದೆವು. ಎದುರಿಗೆ ಸಾರ್ ನದಿ. ಆಚೆ ದಡ ಫ್ರಾನ್ಸ್, ಅಲ್ಲಿನ ಊರು ಗ್ರೋಬ್ಲಿಡೆರ್‌ಸ್ಟ್ರೋಫ್. ಬಾಯಿ ತಿರುಗುವುದು ಕಷ್ಟ, ಆದರೆ ವಿಷಯ ಸುಲಭ. ಕ್ಲೈನ್ ಅಂದರೆ ಚಿಕ್ಕದು, ಗ್ರೋ ಅಂದರೆ ದೊಡ್ಡದು: ಒಂದು ಚಿಕ್ಕಬಳ್ಳಾಪುರ, ಇನ್ನೊಂದು ದೊಡ್ಡಬಳ್ಳಾಪುರ! ನಡುವೆ ನಡೆದು ದಾಟುವ ಒಂದು ಸಂಕ. ಅದಕ್ಕೆ ಸ್ನೇಹದ ಸೇತುವೆ ಅಂತ ಹೆಸರು. ಅಜ್ಜಿಯೊಬ್ಬರು ಬ್ರೆಡ್ಡಿನ ಚೀಲ ಹಿಡಿದು ಫ್ರಾನ್ಸಿನಿಂದ ಜರ್ಮನಿಗೆ ಬಂದರು. ಅಷ್ಟೇ. ಯಾರೂ ಏನೂ ಕೇಳಲಿಲ್ಲ.

ಸಂಕದ ಮಧ್ಯೆ ನಿಂತವನಿಗೆ ತಲಪಾಡಿ ನೆನಪಾಯಿತು. ನಮ್ಮ ಕಡೆ ಆಸ್ಪತ್ರೆ ಅಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕೇರಳದಿಂದ ಬರುವ ರಸ್ತೆಗಳನ್ನು ಮುಚ್ಚಿದರು. ಕೆಲವು ಕಡೆ ಮಣ್ಣೇ ಸುರಿದಿದ್ದರು. ಅಂಬುಲೆನ್ಸ್‌ಗಳು ವಾಪಸ್ ಹೋದವು. ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ನಮ್ಮ ದೊಡ್ಡಪ್ಪನ ಡಯಾಲಿಸಿಸ್ ಎರಡು ಸಲ ತಪ್ಪಿತು.

ಆ ವಸಂತದಲ್ಲಿ ಇಲ್ಲಿಯೂ ಗಡಿ ಮುಚ್ಚಿತ್ತು. ಸಣ್ಣ ದಾರಿಗಳಿಗೆಲ್ಲ ಬೇಲಿ. ಆದರೆ ಅದೇ ದಿನಗಳಲ್ಲಿ ಸಾರ್‌ಲ್ಯಾಂಡಿನ, ಅಂದರೆ ಈ ಜರ್ಮನ್ ರಾಜ್ಯದ, ಆಸ್ಪತ್ರೆಗಳು ಪೂರ್ವ ಫ್ರಾನ್ಸಿನ ಕೊರೋನಾ ರೋಗಿಗಳನ್ನು ಸೇರಿಸಿಕೊಂಡವು. ಇಲ್ಲಿನವರು ಹೆಚ್ಚು ಒಳ್ಳೆಯವರು ಅಂತ ನನಗೆ ಅನ್ನಿಸುವುದಿಲ್ಲ. ಆ ವಸಂತದಲ್ಲಿ ಫ್ರಾನ್ಸಿನಿಂದ ಕೆಲಸಕ್ಕೆ ಬಂದವರು ಬೈಗುಳವನ್ನೂ ಕೇಳಿದ್ದಾರೆ. ಅಷ್ಟೊತ್ತಿಗೆ ಕೆಲವು ಕಾಗದಗಳು ತಯಾರಿದ್ದವು, ಅಷ್ಟೇ ವ್ಯತ್ಯಾಸ. ಫ್ರಾನ್ಸಿನ ಫೋರ್ಬಾಕ್ ಕಡೆ ಯಾರಿಗಾದರೂ ಹೃದಯಾಘಾತವಾದರೆ ಪಕ್ಕದ ಜರ್ಮನಿಯ ಫೋಲ್ಕ್‌ಲಿಂಗೆನ್‌ಗೆ ಕರೆತರಬಹುದು ಅಂತ 2013ರಲ್ಲೇ ಒಪ್ಪಂದವಾಗಿತ್ತು. ಬಿಲ್ಲು ಯಾವ ವಿಮೆಯವರು ಕಟ್ಟಬೇಕು, ರೋಗಿಯ ಭಾಷೆ ಗೊತ್ತಿರುವವರು ಯಾರು, ಇಂಥದ್ದೇ ಚರ್ಚೆ. ಕ್ಲಾಸಿನಲ್ಲಿ ಇದನ್ನು ಓದುವಾಗ ನಿದ್ದೆ ಬಂದಿತ್ತು. ಸಂಕದ ಮೇಲೆ ಬರಲಿಲ್ಲ.

ಇನ್ನೊಂದು ವಿಷಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಸಾರ್‌ಲ್ಯಾಂಡ್ ಫ್ರಾನ್ಸಿನ ಹಿಡಿತದಲ್ಲಿತ್ತು. 1955ರಲ್ಲಿ ಜನರ ಮತ ಕೇಳಿದರು. 1957ರ ಜನವರಿ 1ರಂದು ಪಶ್ಚಿಮ ಜರ್ಮನಿಗೆ ಸೇರಿತು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಎರಡೇ ತಿಂಗಳ ಅಂತರ. ಅವರನ್ನು ಕೇಳಿದರು, ನಮ್ಮನ್ನು ಯಾರೂ ಕೇಳಲಿಲ್ಲ. ನಾನಿದನ್ನು ಹೇಳಿದಾಗ ಜರ್ಮನ್ ಗೆಳತಿ ಫೋನಿನಲ್ಲಿ ಕಾಸರಗೋಡಿನ ನಕ್ಷೆ ತೆಗೆದು ಸುಮಾರು ಹೊತ್ತು ನೋಡುತ್ತಾ ಕೂತಳು.

ಮಧ್ಯಾಹ್ನದ ರೈಲಿಗೆ ಮೆಟ್ಝ್. ಬರೆಯುವುದು ಹೀಗೆ, ಅಲ್ಲಿಯವರು ಕರೆಯುವುದು 'ಮೆಸ್' ಅಂತ. ಹಸಿದ ಹಾಸ್ಟೆಲ್ ಹುಡುಗರಿಗೆ ಹೇಳಿ ಮಾಡಿಸಿದ ಊರು. ಫ್ರಾನ್ಸಿನಲ್ಲಿ ರೈಲು ಸಾಮಾನ್ಯವಾಗಿ ಎಡಗಡೆ ಓಡುತ್ತದೆ, ಇಲ್ಲಿ ಮಾತ್ರ ಬಲಗಡೆ. 1871ರಿಂದ 1918ರವರೆಗೆ ಇದು ಜರ್ಮನಿಯಾಗಿತ್ತು. ಗಡಿ ಅಳಿಸಿ ನೂರು ವರ್ಷವಾದರೂ ರೈಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ! ಕೋಟೆಯ ಹಾಗಿರುವ ರೈಲ್ವೆ ಸ್ಟೇಷನ್ನೂ ಜರ್ಮನರೇ ಕಟ್ಟಿದ್ದು, 1908ರಲ್ಲಿ.

ಮರುದಿನ ಲಕ್ಸೆಂಬರ್ಗಿನಿಂದ ಷೆಂಗೆನ್‌ಗೆ ಬಸ್ಸು. ಟಿಕೆಟ್ ಇಲ್ಲ, 2020ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮ್, ರೈಲು ಎಲ್ಲ ಪುಕ್ಕಟೆ. ವೀಸಾಕ್ಕಾಗಿ ತಿಂಗಳುಗಟ್ಟಲೆ ಓಡಾಡಿದ ನನಗೆ ಷೆಂಗೆನ್ ಅಂದರೆ ಏನೋ ದೊಡ್ಡ ಊರು ಅನ್ನಿಸಿತ್ತು. ನೋಡಿದರೆ ದ್ರಾಕ್ಷಿ ತೋಟದ ಕೆಳಗೆ ಒಂದು ಹಳ್ಳಿ. 1985ರ ಜೂನ್ 14ರಂದು ಐದು ದೇಶದವರು ಇಲ್ಲಿ ಮೋಸೆಲ್ ನದಿಯಲ್ಲಿ ದೋಣಿ ಮೇಲೆ ಕೂತು, ತಮ್ಮ ನಡುವಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದರು. ಸೇತುವೆ ಪಕ್ಕ ಸಾಲುಸಾಲು ಪೆಟ್ರೋಲ್ ಬಂಕ್. ಲಕ್ಸೆಂಬರ್ಗಿನಲ್ಲಿ ತೆರಿಗೆ ಕಡಿಮೆ, ಹಾಗಾಗಿ ಪಕ್ಕದ ದೇಶದ ಕಾರುಗಳು ಟ್ಯಾಂಕ್ ತುಂಬಿಸಲು ಬರುತ್ತವೆ. ಸಿಗರೇಟು, ಕಾಫಿ ಪುಡಿಯೂ ಡಿಕ್ಕಿ ಸೇರುತ್ತವೆ. ಕೇರಳದ ನಡುವೆ ಇರುವ, ಪುದುಚೇರಿಗೆ ಸೇರಿದ ನಮ್ಮ ಮಾಹೆಯೇ ಅಲ್ವಾ ಇದು!

ಸೇತುವೆ ದಾಟಿದರೆ ಜರ್ಮನಿಯ ಪರ್ಲ್. ಕೆಳಗಿನ ನದಿ 1816ರಿಂದ ಎರಡೂ ಕಡೆಯವರಿಗೆ ಸೇರಿದ್ದು. ನೀರಿನ ಮಧ್ಯೆ ಗೆರೆ ಎಳೆದಿಲ್ಲ. ಪರ್ಲ್ ಕಡೆ ಮಾತ್ರ ಒಂದು ಪೊಲೀಸ್ ವ್ಯಾನ್ ನಿಂತಿತ್ತು. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಇಟ್ಟಿದೆ.

ಗೆಳೆಯರು ಮಾತಾಡುತ್ತಾ ಮುಂದೆ ಹೋದರು. ಒಬ್ಬನ ಹತ್ತಿರ ಗುರುತಿನ ಚೀಟಿಯೇ ಇರಲಿಲ್ಲ, ರೂಮಿನಲ್ಲಿ ಬಿಟ್ಟು ಬಂದಿದ್ದನಂತೆ. ನಮ್ಮನ್ನು ಯಾರೂ ನಿಲ್ಲಿಸಲಿಲ್ಲ. ಸೇತುವೆ ಇಳಿದ ಮೇಲೆ ನೋಡಿಕೊಂಡೆ, ನನ್ನ ಕಾರ್ಡು ಆಗಲೇ ಜೇಬಿನಿಂದ ಕೈಗೆ ಬಂದಿತ್ತು.