ಇಲ್ಲಿ ಬಂದ್ ಕರೆ ಇಲ್ಲ, ಶಟರ್ ಮಾತ್ರ ಇಳಿಯುತ್ತದೆ

ಊರಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಪ್ಪನದು ಒಂದೇ ಪ್ರಶ್ನೆ. "ಅಲ್ಲಿರೋದು ಕಮ್ಯುನಿಸ್ಟ್ ಸರ್ಕಾರ ಅಲ್ವೇನೋ? ಮತ್ತೆ ಅಂಗಡಿಗಳೆಲ್ಲ ಯಾರವು?"

ಜನರವೇ ಚಿಕ್ಕಪ್ಪ. ನಾನಿರುವುದು ಹೋ ಚಿ ಮಿನ್ ಸಿಟಿಯಲ್ಲಿ. ಇಲ್ಲಿಯವರ ಬಾಯಲ್ಲಿ ಅದು ಈಗಲೂ ಸೈಗಾನ್. ಕೆಳಗೆ ಹೋಟೆಲ್ಲೋ ದರ್ಜಿ ಅಂಗಡಿಯೋ, ಮೇಲೆ ಸಂಸಾರ. ವಿಯೆಟ್ನಾಮಿನಲ್ಲಿ ಇಂಥ ಮನೆಮಂದಿ ನಡೆಸುವ ವ್ಯಾಪಾರಗಳೇ ಸುಮಾರು 50 ಲಕ್ಷ ಇವೆ. ಆಳುವ ಪಕ್ಷ ಮಾತ್ರ ಒಂದೇ. ಕಂಬದ ಮೇಲೆ ಕೆಂಪು ಬಾವುಟ, ಅದರ ಬುಡದಲ್ಲೇ ಕ್ಯೂಆರ್ ಕೋಡ್ ನೇತುಹಾಕಿದ ಕಬ್ಬಿನಹಾಲಿನ ಗಾಡಿ.

ಪುಸ್ತಕದ ಪ್ರಕಾರ ಇದಕ್ಕೆಲ್ಲ ಬಾಗಿಲು ತೆರೆದದ್ದು 1986ರ ಡಿಸೆಂಬರ್. ಆಗ ಪಕ್ಷದ 6ನೇ ಮಹಾಧಿವೇಶನ 'ದೋಯ್ ಮೋಯ್' ಎಂಬ ಸುಧಾರಣೆಗೆ ಒಪ್ಪಿಗೆ ಕೊಟ್ಟಿತು. ಆ ವರ್ಷ ಬೆಲೆಯೇರಿಕೆ ಶೇ 700 ದಾಟಿತ್ತು. ಆದರೆ ಸೈಗಾನಿನ ಹಿರಿಯರನ್ನು ಕೇಳಿದರೆ ಕತೆ ಅದಕ್ಕೂ ಹಿಂದೆ, ಅಕ್ಕಿಯಿಂದ ಶುರುವಾಗುತ್ತದೆ.

1975ರಲ್ಲಿ ಯುದ್ಧ ಮುಗಿದು ಉತ್ತರದ ಕಮ್ಯುನಿಸ್ಟರು ಗೆದ್ದ ಮೇಲೆ ದಕ್ಷಿಣಕ್ಕೂ ಸರ್ಕಾರಿ ದರ, ರೇಷನ್ ಚೀಟಿ ಬಂದವು. ಪಕ್ಕದಲ್ಲೇ ಮೆಕಾಂಗ್ ನದಿಯ ಬಯಲು, ದೇಶದ ಭತ್ತದ ಕಣಜ. ಆದರೂ ನಗರದಲ್ಲಿ ಅಕ್ಕಿ ಇಲ್ಲ! ಸರ್ಕಾರ ಕಿಲೋಗೆ ಅರ್ಧ ಡಾಂಗ್ ಚಿಲ್ಲರೆ ಕೊಡುತ್ತಿತ್ತು (ನಮ್ಮ ರೂಪಾಯಿಯಂತೆ ಇಲ್ಲಿ ಡಾಂಗ್). ಆ ಬೆಲೆಗೆ ರೈತರು ಮಾರಲಿಲ್ಲ. ಧಿಕ್ಕಾರ ಕೂಗಲಿಲ್ಲ, ಮೆರವಣಿಗೆ ಹೋಗಲಿಲ್ಲ, ಸುಮ್ನೆ ಭತ್ತ ಮನೆಯಲ್ಲಿ ಇಟ್ಟುಕೊಂಡರು. ನಗರದವರು ಜೋಳದಂಥ ಒರಟು ಕಾಳು ತಿಂದರು. ನಮ್ಮ ಉತ್ತರ ಕರ್ನಾಟಕದವರು "ಅದರಾಗೇನೈತಿ ಕಷ್ಟ?" ಅನ್ನಬಹುದು. ರೊಟ್ಟಿ ಬಡಿಯಲು ಗೊತ್ತಿಲ್ಲದೆ, ಅನ್ನದ ಹಾಗೆ ಬೇಯಿಸಿಕೊಂಡು ಅಗಿದವರಿಗೆ ಕಷ್ಟವೇ. ನಮ್ಮ ಮನೆ ಓನರ್ ಅಮ್ಮ ಆಗ ಚಿಕ್ಕ ಹುಡುಗಿ. ರೇಷನ್ ಸಾಲಿನಲ್ಲಿ ತಮ್ಮ ಬದಲು ಒಂದು ಇಟ್ಟಿಗೆ ಇಟ್ಟು ಆಡಲು ಹೋಗುತ್ತಿದ್ದರಂತೆ. ಆ ಇಟ್ಟಿಗೆ ಯಾರೂ ಸರಿಸುತ್ತಿರಲಿಲ್ಲವಂತೆ.

ಆಗ ನಗರದ ಪಕ್ಷ ನಡೆಸುತ್ತಿದ್ದವರು ವೋ ವಾನ್ ಕಿಯೆಟ್. ಅಕ್ಕಿ ಖರೀದಿ ಹೊಣೆ ಹೊತ್ತವರು ಬಾ ತಿ ಎಂದೇ ಹೆಸರಾದ ಹೆಂಗಸು. ಹಳ್ಳಿಗೆ ಹೋಗಿ ಮಾರುಕಟ್ಟೆ ಬೆಲೆಗೇ, ಅಂದರೆ ಎರಡೂವರೆ ಡಾಂಗ್ ಕೊಟ್ಟು, ಅಕ್ಕಿ ತರೋಣ ಎಂದಾಯಿತು. ಅದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಜೈಲು ಎಂದು ಆಕೆ ಹೆದರಿದಾಗ, ಜೈಲಿಗೆ ಊಟ ನಾನೇ ತಂದುಕೊಡುತ್ತೇನೆ ಎಂದು ಕಿಯೆಟ್ ಹೇಳಿದರೆಂದು ಇಲ್ಲಿ ಈಗಲೂ ಹೇಳುತ್ತಾರೆ. ಅಕ್ಕಿ ಬಂತು, ಯಾರೂ ಜೈಲಿಗೆ ಹೋಗಲಿಲ್ಲ. ಕಿಯೆಟ್ ಮುಂದೆ 1991ರಲ್ಲಿ ಪ್ರಧಾನಿಯೇ ಆದರು. ಅದಕ್ಕೂ ಮೊದಲೇ, 1988ರಲ್ಲಿ, ಪಕ್ಷ ಸಾಮೂಹಿಕ ಗದ್ದೆಗಳ ಸಾಗುವಳಿಯನ್ನು ಮನೆಮನೆಗೆ ಬಿಟ್ಟುಕೊಟ್ಟಿತ್ತು. ಮರುವರ್ಷವೇ 10 ಲಕ್ಷ ಟನ್ನಿಗೂ ಜಾಸ್ತಿ ಅಕ್ಕಿ ಹೊರದೇಶಕ್ಕೆ ಹೋಯಿತು. ಮಾಡಿದ್ದು ಜನ, ಹೆಸರು ಅಧಿವೇಶನಕ್ಕೆ. ನನಗೆ ಹಾಗೆ ಕಾಣುತ್ತದೆ.

ಇದೇ ಆಟ 2025ರಲ್ಲಿ ನನ್ನ ಕಣ್ಣೆದುರೇ ಮತ್ತೆ ನಡೆಯಿತು. ಅಲ್ಲಿಯವರೆಗೆ ಸಣ್ಣ ಅಂಗಡಿಗಳಿಗೆ ತೆರಿಗೆಯವರು ಒಂದು ಅಂದಾಜು ಹಾಕಿ ಇಷ್ಟು ಕಟ್ಟಿ ಎನ್ನುತ್ತಿದ್ದರು. ಮೇ ತಿಂಗಳಲ್ಲಿ ಪಕ್ಷ ದೊಡ್ಡ ನಿರ್ಣಯ ಹೊರಡಿಸಿತು. ಖಾಸಗಿ ವ್ಯಾಪಾರವೇ ಆರ್ಥಿಕತೆಯ ಅತಿ ಮುಖ್ಯ ಶಕ್ತಿಯಂತೆ, 2030ಕ್ಕೆ 20 ಲಕ್ಷ ಕಂಪನಿಗಳಿರಬೇಕಂತೆ, ಅಂದಾಜು ತೆರಿಗೆ ನಿಲ್ಲಬೇಕಂತೆ. ಜೂನ್ 1ರಿಂದ ವರ್ಷಕ್ಕೆ 100 ಕೋಟಿ ಡಾಂಗ್ ವಹಿವಾಟು ಮುಟ್ಟಿದ ಅಂಗಡಿಗಳು ತೆರಿಗೆ ಇಲಾಖೆಗೆ ನೇರ ಜೋಡಿಸಿದ ಯಂತ್ರದಲ್ಲೇ ಬಿಲ್ ಕೊಡಬೇಕಾಯಿತು. 100 ಕೋಟಿ ಅಂದರೆ ಗಾಬರಿಯಾಗಬೇಡಿ, ನಮ್ಮ ಲೆಕ್ಕಕ್ಕೆ 33 ಲಕ್ಷ ರೂಪಾಯಿ ಆಸುಪಾಸು.

ವಾರದೊಳಗೆ ಕ್ಯೂಆರ್ ಕೋಡುಗಳು ಮಾಯ. ಕ್ಯಾಶ್ ಕೊಡಿ ಎನ್ನತೊಡಗಿದರು. ಫೋನಿನಲ್ಲೇ ಕಳಿಸುತ್ತೇನೆಂದರೆ, ಸಾಮಾನು ಕೊಂಡಿದ್ದಕ್ಕೆ ಎಂದು ಮಾತ್ರ ಬರೆಯಬೇಡಿ ಎಂದು ಕಿವಿಯಲ್ಲಿ ಹೇಳುವವರು ಕೆಲವರು. ಎಷ್ಟೋ ಮಾರುಕಟ್ಟೆಗಳಲ್ಲಿ ಮಳಿಗೆಗಳ ಶಟರ್ ಇಳಿಯಿತು. ಕೇಳಿದರೆ "ರಿಪೇರಿ ನಡೀತಿದೆ" ಅಂತ ಉತ್ತರ.

ಮರುತಿಂಗಳೇ ಬೆಂಗಳೂರಿನಿಂದ ತಂಗಿ ಫೋಟೋ ಕಳಿಸಿದಳು. ಕಾಂಡಿಮೆಂಟ್ಸ್ ಅಂಗಡಿಯೊಂದರ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ". ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಕೊಟ್ಟಿದ್ದ ಹೊತ್ತು ಅದು. ಸರಕು ಮಾರುವವರಿಗೆ ಅಲ್ಲಿಯ ಮಿತಿ 40 ಲಕ್ಷ, ಇಲ್ಲಿಯ ಮಿತಿಗೆ ಹತ್ತಿರವೇ! ಆದರೆ ನಮ್ಮಲ್ಲಿ ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆದರು, ಟಿವಿಯಲ್ಲಿ ಬೈದರು. ಮುಖ್ಯಮಂತ್ರಿ ಕರೆಸಿ ಮಾತಾಡಿ, ಹಳೇ ಬಾಕಿ ವಸೂಲಿ ಇಲ್ಲ ಎಂದ ಮೇಲೆ ಬಂದ್ ಕೈಬಿಟ್ಟರು. ಇಲ್ಲಿ ಬಂದ್ ಕರೆಯಲು ಸ್ವತಂತ್ರ ಸಂಘವೇ ಇಲ್ಲ. ಮುಂದಿನ ಚುನಾವಣೆಯಲ್ಲಿ ನೋಡ್ಕೋತೀವಿ ಎನ್ನಲು ಇನ್ನೊಂದು ಪಕ್ಷವೂ ಇಲ್ಲ. ಶಟರ್ ಇಳಿಸುವುದೊಂದೇ ಅವರ ಕೈಲಿರುವುದು.

ಆದರೆ ಅದು ಮೇಲಿನವರಿಗೆ ಕೇಳಿಸುತ್ತದೆ. ವರ್ಷಕ್ಕೆ 10 ಕೋಟಿ ಡಾಂಗ್ ವಹಿವಾಟಿನವರೆಗಿದ್ದ ತೆರಿಗೆ ವಿನಾಯಿತಿಯನ್ನು 2026ರಿಂದ 20 ಕೋಟಿ ಮಾಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಡಿಸೆಂಬರಿನಲ್ಲಿ ಅದೂ ಸಾಲದೆಂದು 50 ಕೋಟಿಗೆ ಏರಿಸಿದರು. ಅಂದಾಜು ತೆರಿಗೆ ಮಾತ್ರ 2026ರ ಜನವರಿಯಿಂದ ನಿಂತೇಹೋಯಿತು.

ನಮ್ಮ ಬೀದಿಯಲ್ಲಿ ಫೋ ಎಂಬ ನೂಡಲ್ಸ್ ಸೂಪಿನ ಹೋಟೆಲ್ ನಡೆಸುವ ಅಜ್ಜಿಯ ಲೆಕ್ಕ ಈಗ ಮೊಮ್ಮಗಳ ಮೊಬೈಲಿನಲ್ಲಿದೆ. ಕ್ಯೂಆರ್ ಕೋಡೂ ವಾಪಸ್ ಬಂದಿದೆ, ಬಟ್ಟಲಿನ ಬೆಲೆಯೂ ಏರಿದೆ. ರಜೆಗೆ ಇತ್ತ ಬರುವವರು ಮಾತ್ರ ಚಿಲ್ಲರೆ ನೋಟು ಜೇಬಿನಲ್ಲಿಟ್ಟುಕೊಂಡೇ ಬನ್ನಿ.